ಎಣ್ಣೆ ಮೊದಲು, ಓಟ ಆಮೇಲೆ

ಡಿಸೆಂಬರ್, ಜನವರಿಯ ಬೆಳಗಿನ ಜಾವ ಕೃಷ್ಣಾ ನದಿಯ ದಂಡೆಯ ಊರುಗಳಲ್ಲಿ ಮಂಜು ದಟ್ಟವಾಗಿರುತ್ತದೆ. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿಯ ಹೊಲಗಳಲ್ಲಿ ಅದು ಕಬ್ಬು ಕಡಿಯುವ ಹಂಗಾಮು. ಹೊತ್ತು ಮೂಡುವ ಮೊದಲೇ ಟ್ರ್ಯಾಕ್ಟರು, ಲಾರಿ, ಜೀಪು, ಕಾರು ಎಲ್ಲಕ್ಕೂ ಕೆಲಸ. ಇಂಥ ಬೆಳಗಿನಲ್ಲಿ ಅಂಗಳದ ಗಾಡಿಯನ್ನು ಚಾಲೂ ಮಾಡಿದ ಕೂಡಲೇ ಅನೇಕ ಮನೆಗಳಲ್ಲಿ ಒಂದು ಸಣ್ಣ ವಾದವೂ ಚಾಲೂ ಆಗುತ್ತದೆ. ‘ತಡಿಯೋ, ಸ್ವಲ್ಪ ಗರಂ ಆಗಲಿ’ ಎನ್ನುವುದು ತಂದೆಯ ಮಾತು. ‘ಈಗಿನ ಗಾಡಿಗೆ ಅದೆಲ್ಲಾ ಬೇಕಾಗೂದಿಲ್ಲರಿ, ಅಪ್ಪಾ’ ಎನ್ನುವುದು ಮಗನ ಉತ್ತರ. ತಂದೆ ಹತ್ತು ನಿಮಿಷ ಕಾಯಬೇಕೆನ್ನುತ್ತಾರೆ. ಮಗ ಹತ್ತು ಸೆಕೆಂಡಿನಲ್ಲಿ ಹೊರಟುಬಿಡುತ್ತಾನೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಪ್ಪಿದರೆ ಅದರ ಬೆಲೆಯನ್ನು ಕೊಡುವುದು ಗಾಡಿಯ ಎಂಜಿನ್ನು, ಅದರಲ್ಲೂ ಈಗ ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ, ಅನೇಕ ಪೆಟ್ರೋಲ್ ಕಾರುಗಳಲ್ಲಿ ಇರುವ ಟರ್ಬೊಚಾರ್ಜರ್ ಎಂಬ ಪುಟ್ಟ ಯಂತ್ರ. ಅದು ಕೆಟ್ಟರೆ ರಿಪೇರಿಯ ಖರ್ಚು ಸಣ್ಣದಲ್ಲ. ಸಾಲ ಮಾಡಿ ಗಾಡಿ ಕೊಂಡ ರೈತನ ಮನೆಯಲ್ಲಿ ಅದು ಕಬ್ಬಿನ ಬಿಲ್ಲಿಗೇ ಕೈಹಾಕುತ್ತದೆ. ಆದ್ದರಿಂದ ಕಾಯಬೇಕೆ, ಬೇಡವೆ, ಕಾಯುವುದಾದರೆ ಎಷ್ಟು ಎಂಬ ಪ್ರಶ್ನೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಒಳ್ಳೆಯದು. ಯಂತ್ರವನ್ನು ಕಾಯಿಸಿ ದುಡಿಸುವ ಪದ್ಧತಿಗೆ ಈ ಭಾಗದಲ್ಲಿ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಉಗಿಯ ಕಾಲದ ತಾಳ್ಮೆ

ಈ ಸೀಮೆಗೆ ದೊಡ್ಡ ಯಂತ್ರ ಮೊದಲು ಬಂದದ್ದು ರೈಲಿನ ರೂಪದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಲೋಂಡಾದಿಂದ ಬೆಳಗಾವಿಯ ಮೂಲಕ ಮೀರಜಿನವರೆಗೆ ಹಾಯಿತು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳದ ನಿಲ್ದಾಣಗಳು ಈ ದಾರಿಯವೇ. ಆ ರೈಲನ್ನು ಎಳೆಯುತ್ತಿದ್ದ ಉಗಿ ಎಂಜಿನ್ನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಬೆಳಗಿನ ಗಾಡಿ ಹೊರಡಬೇಕಾದರೆ ಹಲವು ಗಂಟೆ ಮೊದಲೇ ಶೆಡ್ಡಿನಲ್ಲಿ ಅದಕ್ಕೆ ಬೆಂಕಿ ಹಾಕಬೇಕು. ಕುಲುಮೆಯ ತಗಡು, ಬಾಯ್ಲರಿನ ಕೊಳವೆ, ರಿವೆಟ್ಟುಗಳೆಲ್ಲ ಒಂದೇ ಸಮನೆ ಹಿಗ್ಗಬೇಕು. ಅವಸರದಲ್ಲಿ ಬೆಂಕಿ ಜೋರು ಮಾಡಿದರೆ ಒಂದು ಕಡೆ ಬೇಗ ಹಿಗ್ಗಿ, ಇನ್ನೊಂದು ಕಡೆ ಹಿಗ್ಗದೆ, ಜೋಡಣೆಗಳು ಸೋರತೊಡಗುತ್ತಿದ್ದವು.

ಅದೇ ತಾಳ್ಮೆಯನ್ನು ಇಂದಿಗೂ ಕಾಣಬೇಕಾದರೆ ಸಕ್ಕರೆ ಕಾರ್ಖಾನೆಗೆ ಹೋಗಬೇಕು. ಈಗ ಕಾಗವಾಡ ತಾಲೂಕಿಗೆ ಸೇರಿರುವ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಹುಟ್ಟಿದ್ದು 1939ರಲ್ಲಿ. ಮುಂದೆ ಸಹಕಾರಿ ರಂಗದಲ್ಲಿ ಚಿಕ್ಕೋಡಿಯ ದೂಧಗಂಗಾದಂಥ ಕಾರ್ಖಾನೆಗಳು ಎದ್ದವು. ಹಂಗಾಮು ಶುರುವಾಗುವ ಮೊದಲು ಇಂಥ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನ ಸಮಾರಂಭ ನಡೆಯುತ್ತದೆ. ಪೂಜೆಯಾಗಿ ಬೆಂಕಿ ಹೊತ್ತಿದ ದಿನವೇ ಕಬ್ಬು ನುರಿಯುವುದಿಲ್ಲ. ತಿಂಗಳುಗಟ್ಟಲೆ ತಣ್ಣಗಿದ್ದ ಇಟ್ಟಿಗೆ, ಕೊಳವೆ, ಡ್ರಮ್ಮುಗಳು ನಿಧಾನವಾಗಿ ಕಾವೇರಬೇಕು. ಪೂಜೆಯ ಹಿಂದೆ ಭಕ್ತಿಯಿದೆ. ಆ ನಿಧಾನದ ಹಿಂದೆ ಎಂಜಿನಿಯರಿಂಗ್ ಇದೆ.

ಬಾಯ್ಲರಿನ ಉಗಿಯಿಂದ ತಿರುಗುವ ಟರ್ಬೈನಿನ ಕತೆ ಇನ್ನೂ ಸ್ವಾರಸ್ಯದ್ದು. ಟರ್ಬೈನಿಗೆ ಉಗಿ ಬಿಡುವ ಮೊದಲು ಎಣ್ಣೆಯ ಪಂಪನ್ನು ಚಾಲೂ ಮಾಡುತ್ತಾರೆ. ಬೇರಿಂಗುಗಳಿಗೆಲ್ಲ ಎಣ್ಣೆ ತಲುಪಿತೆಂದು ಮಾಪಕ ನೋಡಿ ಖಚಿತಪಡಿಸಿಕೊಂಡ ಮೇಲೆ ಸ್ವಲ್ಪವೇ ಉಗಿ ಬಿಟ್ಟು, ಕೊಳವೆಯಲ್ಲಿ ನಿಂತ ನೀರನ್ನು ಹೊರಹಾಕಿ, ನಿಧಾನವಾಗಿ ತಿರುಗಿಸುತ್ತ ಕಾವು ಏರಿಸುತ್ತಾರೆ. ಅದು ಕಾದು ಸಮನಾದ ಮೇಲೇ ಭಾರ. ಮೊದಲು ಎಣ್ಣೆ, ಆಮೇಲೆ ಕಾವು, ಕೊನೆಗೆ ಭಾರ: ಟರ್ಬೈನ್ ನಡೆಸುವವರ ಈ ಕ್ರಮವನ್ನು ನೆನಪಿನಲ್ಲಿಡಬೇಕು. ಏಕೆಂದರೆ ಕಾರಿನ ಟರ್ಬೊ ಎಂಬುದೂ ಒಂದು ಟರ್ಬೈನೇ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಚಕ್ರದ್ದು, ಅಷ್ಟೇ.

ಹ್ಯಾಂಡಲ್ ಹೊಡೆಯುವ ಕಾಲ

ಉಗಿಯ ನಂತರ ಹಳ್ಳಿಗೆ ಬಂದದ್ದು ಎಣ್ಣೆಯ ಎಂಜಿನ್ನು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿನ ತಲೆಯಲ್ಲಿ ಒಂದು ಲೋಹದ ಬುರುಡೆಯಿರುತ್ತಿತ್ತು. ಬ್ಲೋ ಲ್ಯಾಂಪಿನಿಂದ ಅದನ್ನು ಕೆಲವು ನಿಮಿಷ ಕಾಯಿಸಿದ ಹೊರತು ಎಂಜಿನ್ನು ಚಾಲೂ ಆಗುತ್ತಲೇ ಇರಲಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿಗೆ ಈ ದೀಪದ ಹಂಗು ಬೇಕಿರಲಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಚಿಕ್ಕದು ಮಾಡಿದರೆ ಅದು ತಾನೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದೂ ಮುಖ್ಯವಾಗಿ ಇದೇ ಕಾರಣಕ್ಕೆ. ಹಾಗೆ ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಆದರೆ ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಕಾವನ್ನೆಲ್ಲ ಗೋಡೆಯೇ ಹೀರಿಕೊಳ್ಳುತ್ತದೆ. ಚಳಿಯಲ್ಲಿ ಡೀಸೆಲ್ ಎಂಜಿನ್ನು ಬಿಳಿ ಹೊಗೆ ಕಾರಿ ಕೆಮ್ಮುವುದು ಇದರಿಂದ.

ಈ ಎಂಜಿನ್ನುಗಳನ್ನು ದೇಶದ ರೈತನ ಕೈಗೆ ತಂದುಕೊಟ್ಟ ಹೆಸರುಗಳಲ್ಲಿ ಕಿರ್ಲೋಸ್ಕರ್ ಎಂಬುದು ಬೆಳಗಾವಿ ಜಿಲ್ಲೆಯದ್ದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭವಾದ ಅವರ ಉದ್ಯಮ ಮುಂದೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರಗಳ ಕಡೆ ಹೊರಳಿತು. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ನೆಲದಲ್ಲಿ, ಇಂದಿನ ಸಾಂಗಲಿ ಜಿಲ್ಲೆಯ ಕುಂಡಲ ರೋಡ್ ನಿಲ್ದಾಣದ ಬಳಿ, ಕಿರ್ಲೋಸ್ಕರವಾಡಿ ಎದ್ದಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ವಿದ್ಯುತ್ತು ಎಲ್ಲ ಹೊಲಗಳಿಗೆ ತಲುಪುವ ಮೊದಲು ನದಿಯಿಂದ, ಬಾವಿಯಿಂದ ನೀರೆತ್ತಿ ತೋಟ ಮಾಡಿದ್ದರಲ್ಲಿ ಇಂಥ ಡೀಸೆಲ್ ಎಂಜಿನ್ನುಗಳ ಪಾಲು ದೊಡ್ಡದು.

ಹಳೆಯ ಪಂಪಿನ ಎಂಜಿನ್ನನ್ನು ಚಾಲೂ ಮಾಡುವುದು ಒಂದು ವಿದ್ಯೆಯಾಗಿತ್ತು. ಮೊದಲು ಎಣ್ಣೆ ನೋಡಬೇಕು, ಮೇಲಿನ ಭಾಗಗಳಿಗೆ ಕ್ಯಾನಿನಿಂದ ಹನಿ ಬಿಡಬೇಕು. ತಲೆಯ ಮೇಲಿನ ಸಣ್ಣ ಲಿವರ್ ಎತ್ತಿ ಒಳಗಿನ ಒತ್ತಡ ಬಿಡಿಸಿ, ಹ್ಯಾಂಡಲ್ ಹಾಕಿ ತಿರುಗಿಸಬೇಕು. ಭಾರದ ಚಕ್ರ ವೇಗ ಹಿಡಿದಾಗ ಲಿವರ್ ಇಳಿಸಿದರೆ ಎಂಜಿನ್ನು ಡಬ್ ಡಬ್ ಎಂದು ಎದ್ದು ನಿಲ್ಲುತ್ತಿತ್ತು. ತಿಳಿದವರು ಆಗಲೂ ಕೂಡಲೇ ಭಾರ ಹಾಕುತ್ತಿರಲಿಲ್ಲ. ನಾಲ್ಕಾರು ನಿಮಿಷ ಖಾಲಿ ಓಡಿಸಿ, ಸದ್ದು ಹದಕ್ಕೆ ಬಂದ ಮೇಲೆ ಭಾರ ಕೊಡುತ್ತಿದ್ದರು. ತಂದೆಯರ ಬಾಯಲ್ಲಿ ಇಂದಿಗೂ ಉಳಿದಿರುವ ‘ಗರಂ ಆಗಲಿ’ ಎಂಬ ಮಾತಿನ ಬೇರು ಇಲ್ಲಿದೆ.

ಆ ಎಂಜಿನ್ನುಗಳು ಇನ್ನೊಂದು ಪಾಠವನ್ನೂ ಕಲಿಸಿದವು. ಪಂಪಿನಿಂದ ಎತ್ತಿದ ತಣ್ಣೀರನ್ನೇ ಎಂಜಿನ್ನಿನ ಸುತ್ತ ಧಾರಾಳವಾಗಿ ಹರಿಯಬಿಡುವುದು ಅನೇಕ ಕಡೆ ರೂಢಿಯಾಗಿತ್ತು. ಎಂಜಿನ್ನು ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಅದು. ಆದರೆ ಅತಿಯಾಗಿ ತಣ್ಣಗಿರುವ ಎಂಜಿನ್ನು ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ಉರಿದ ಡೀಸೆಲ್ಲಿನ ಗಂಧಕದಂಶ ತಣ್ಣನೆಯ ಗೋಡೆಯ ಮೇಲೆ ತೇವದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಎಂಜಿನ್ನು ಕುದಿಯಲೂ ಬಾರದು, ತಣ್ಣಗೆ ಓಡಲೂ ಬಾರದು.

ಹೊಗೆಯಿಂದ ತಿರುಗುವ ಚಕ್ರ

ಇದೆಲ್ಲದರ ನಡುವೆ ಟರ್ಬೊ ಎಲ್ಲಿಂದ ಬಂತು? ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ದೊಡ್ಡ ಪಾಲು ಹೊಗೆಯ ಕೊಳವೆಯಲ್ಲಿ ಹೊರಗೆ ಹೋಗಿಬಿಡುತ್ತದೆ. ಆ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬಿದರೆ ಹೇಗೆ ಎಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಅವನ ಪೇಟೆಂಟ್ 1905ರದ್ದು. ಹೆಚ್ಚು ಗಾಳಿ ಎಂದರೆ ಹೆಚ್ಚು ಎಣ್ಣೆಯನ್ನು ಚೆನ್ನಾಗಿ ಉರಿಸಬಹುದು. ಸಣ್ಣ ಎಂಜಿನ್ನಿನಿಂದಲೇ ದೊಡ್ಡ ಎಂಜಿನ್ನಿನ ಶಕ್ತಿ ಪಡೆಯಬಹುದು.

ಈ ಯೋಚನೆ 1920ರ ದಶಕದಲ್ಲಿ ಹಡಗಿನ ಎಂಜಿನ್ನುಗಳಲ್ಲಿ ಕೆಲಸಕ್ಕೆ ಬಂತು. ಎರಡನೆಯ ಮಹಾಯುದ್ಧದಲ್ಲಿ ತೆಳು ಗಾಳಿಯ ಎತ್ತರದಲ್ಲಿ ಹಾರುವ ಅಮೆರಿಕದ ಬಾಂಬರ್ ವಿಮಾನಗಳಿಗೆ ಆಸರೆಯಾಯಿತು. 1962ರಲ್ಲಿ ಅಮೆರಿಕದ ಎರಡು ಕಾರುಗಳಲ್ಲಿ ಕಾಣಿಸಿಕೊಂಡಿತು. 1978ರಲ್ಲಿ ಮರ್ಸಿಡಿಸ್ ಕಂಪೆನಿ ಟರ್ಬೊ ಹೊತ್ತ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 2000ದಿಂದ ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದಂತೆ ಡೀಸೆಲ್ ವಾಹನಗಳಿಗೆ ಟರ್ಬೊ ಬಹುಮಟ್ಟಿಗೆ ಅನಿವಾರ್ಯವಾಯಿತು. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟಿನಂಥ ಕಾರುಗಳು ಅದನ್ನು ಸಾಮಾನ್ಯ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದವು. ಹತ್ತು ವರ್ಷಗಳ ನಂತರ ಪೆಟ್ರೋಲ್ ಕಾರುಗಳಲ್ಲೂ ಅದು ಮಾಮೂಲಿನ ವಸ್ತುವಾಗತೊಡಗಿತ್ತು.

ಈ ಚಕ್ರದ ಬಾಳು ಕಷ್ಟದ್ದು. ಎಂಜಿನ್ನು ನಿಮಿಷಕ್ಕೆ ಮೂರು-ನಾಲ್ಕು ಸಾವಿರ ಸುತ್ತು ತಿರುಗಿದರೆ ಕಾರಿನ ಟರ್ಬೊ ಲಕ್ಷ, ಒಂದೂವರೆ ಲಕ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಒಂದು ಬದಿಗೆ ಡೀಸೆಲ್ ಎಂಜಿನ್ನಿನಲ್ಲಿ ಸುಮಾರು 800 ಡಿಗ್ರಿ, ಪೆಟ್ರೋಲಿನಲ್ಲಿ 950 ಡಿಗ್ರಿಗೂ ಮೇಲೆ ಏರಬಲ್ಲ ಬಿಸಿ ಹೊಗೆ. ಇನ್ನೊಂದು ಬದಿಗೆ ಹೊರಗಿನ ತಂಪು ಗಾಳಿ. ನಡುವಿನ ದಂಡ ಸಾಮಾನ್ಯವಾಗಿ ಗುಂಡುಗಳ ಬೇರಿಂಗಿನ ಮೇಲೆ ಕೂತಿರುವುದಿಲ್ಲ. ಕೂದಲಿಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ಕ್ಷಣಕಾಲ ಹರಿದರೂ ಲೋಹಕ್ಕೆ ಲೋಹ ತಾಗಿ ಗೀರು ಬೀಳುತ್ತದೆ. ಒಂದು ದಿನದ ಗೀರು ಗೊತ್ತಾಗುವುದಿಲ್ಲ. ಮುನ್ನೂರು ಬೆಳಗಿನ ಗೀರುಗಳು ಸೇರಿದಾಗ ಟರ್ಬೊ ಸಿಳ್ಳೆ ಹಾಕತೊಡಗುತ್ತದೆ, ಎಣ್ಣೆ ಸೋರಿ ನೀಲಿ ಹೊಗೆ ಬರುತ್ತದೆ.

ಬೆಳಗಿನ ಮೊದಲ ನಿಮಿಷಗಳು

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ಬಹುತೇಕ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಎಂಜಿನ್ನು ಚಾಲೂ ಆದಾಗ ಪಂಪು ಅದನ್ನು ಎತ್ತಿ ಫಿಲ್ಟರಿನ ಮೂಲಕ ಒಂದೊಂದೇ ಭಾಗಕ್ಕೆ ಕಳಿಸುತ್ತದೆ. ಟರ್ಬೊಗೆ ಎಣ್ಣೆ ಬೇರೆ ಕೊಳವೆಯಲ್ಲಿ ಬರಬೇಕು. ಅಲ್ಲಿಗೆ ಪೂರ್ಣ ಒತ್ತಡದಲ್ಲಿ ತಲುಪಲು ಕೆಲವು ಸೆಕೆಂಡು ಬೇಕು. ಚಾಲೂ ಮಾಡಿದ ಕೂಡಲೇ ಅಕ್ಸಿಲರೇಟರ್ ತುಳಿದು ಗುರ್ ಎನಿಸುವುದು ಆ ಸೆಕೆಂಡುಗಳಲ್ಲಿ ಒಣ ದಂಡವನ್ನು ಓಡಿಸಿದಂತೆ. ಅನೇಕರು ‘ಗರಂ ಮಾಡಲು’ ಮಾಡುವುದು ಇದನ್ನೇ ಎಂಬುದು ವಿಪರ್ಯಾಸ.

ಎಣ್ಣೆ ತಲುಪಿದರೂ ಅದರ ಗುಣ ಚಳಿಯಲ್ಲಿ ಬೇರೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗಿ ಕೂರುವುದನ್ನು ಎಲ್ಲರೂ ಕಂಡಿದ್ದಾರೆ. ಎಂಜಿನ್ ಎಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಬಹಳ ಮಂದವಾಗುತ್ತದೆ. ಲಾರಿ, ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಬಳಸುವ 15ಡಬ್ಲ್ಯು-40 ಎಣ್ಣೆ 100 ಡಿಗ್ರಿಯಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲೇ ಸುಮಾರು ಏಳು ಪಟ್ಟು ಮಂದ. ಹದಿನೈದು ಡಿಗ್ರಿಯ ಬೆಳಗಿನಲ್ಲಿ ಇನ್ನೂ ಹೆಚ್ಚು. ಡಬ್ಬಿಯ ಮೇಲಿನ ಆ ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನೇ ಸೂಚಿಸುತ್ತದೆ. ಅದರ ಮುಂದಿನ ಅಂಕಿ ಕಡಿಮೆಯಿದ್ದಷ್ಟೂ ಚಳಿಯಲ್ಲಿ ಎಣ್ಣೆ ಚುರುಕಾಗಿ ಹರಿಯುತ್ತದೆ.

ಲೋಹದ ಅಳತೆಯೂ ಬೆಳಗಿನಲ್ಲಿ ಬೇರೆ. ಅಲ್ಯುಮಿನಿಯಂ ಕಾವಿಗೆ ಬೀಡು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಅದಕ್ಕೇ ಪಿಸ್ಟನ್ನನ್ನು ತಣ್ಣಗಿದ್ದಾಗ ಒಂದಿಷ್ಟು ಸಣ್ಣದಾಗಿ ಇರುವಂತೆ ಮಾಡುತ್ತಾರೆ. ಕಾದ ಮೇಲೆ ಅದು ಸರಿಯಾಗಿ ಕೂರುತ್ತದೆ. ಕಾಯುವ ಮೊದಲೇ ಪೂರ್ತಿ ಭಾರ ಬಿದ್ದರೆ ಸಡಿಲ ಪಿಸ್ಟನ್ನು ಗೋಡೆಗೆ ಬಡಿಯುತ್ತದೆ. ಎಂಜಿನ್ನಿನ ಸವೆತದಲ್ಲಿ ಚಾಲೂ ಮಾಡಿದ ನಂತರದ ಕೆಲವು ನಿಮಿಷಗಳ ಪಾಲು ದೊಡ್ಡದೆಂದು ತಿಳಿದವರು ಹೇಳುವುದು ಈ ಎಲ್ಲ ಕಾರಣಗಳಿಂದ.

ನಿಂತು ಕಾಯುವುದಲ್ಲ, ನಡೆದು ಕಾಯುವುದು

ಹಾಗಾದರೆ ತಂದೆಯ ಹತ್ತು ನಿಮಿಷವೇ ಸರಿಯೆ? ಇಲ್ಲಿ ಮಗನ ಮಾತಿನ ಅರ್ಧ ಸತ್ಯ ಬರುತ್ತದೆ. ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಚೋಕ್ ಎಳೆದು ಕಾರ್ಬುರೇಟರಿಗೆ ಹೆಚ್ಚು ಪೆಟ್ರೋಲ್ ಉಣಿಸಿ, ಎಂಜಿನ್ನು ನಿಂತುಹೋಗದಂತೆ ಸ್ವಲ್ಪ ಹೊತ್ತು ಕಾಯುವುದು ಅನಿವಾರ್ಯವಾಗಿತ್ತು. ಡೀಸೆಲ್ ಜೀಪಿನಲ್ಲಿ ಹೀಟರಿನ ದೀಪ ಆರುವವರೆಗೆ ತಡೆಯಬೇಕಿತ್ತು. ಈಗ ಎಷ್ಟು ಎಣ್ಣೆ, ಎಷ್ಟು ಗಾಳಿ ಎಂಬುದನ್ನು ಕಾವಿಗೆ ತಕ್ಕಂತೆ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಗಾಡಿ ಮೊದಲ ಕ್ಷಣದಿಂದಲೇ ಚಲಿಸಲು ಸಿದ್ಧ, ದುಡಿಯಲು ಮಾತ್ರ ಇನ್ನೂ ಸಿದ್ಧವಲ್ಲ.

ನಿಂತಲ್ಲೇ ಓಡಿಸಿದರೆ ಅದು ಬೇಗ ಸಿದ್ಧವಾಗುವುದೂ ಇಲ್ಲ. ಖಾಲಿ ಓಡುವ ಡೀಸೆಲ್ ಎಂಜಿನ್ನು ಉರಿಸುವುದು ತೀರಾ ಸ್ವಲ್ಪ ಎಣ್ಣೆ, ಎಳೆದುಕೊಳ್ಳುವುದು ತುಂಬಾ ತಂಪು ಗಾಳಿ. ಅರ್ಧ ಗಂಟೆ ನಿಂತರೂ ಅದು ಪೂರ್ತಿ ಕಾಯದೆ ಇರಬಹುದು. ತಣ್ಣನೆಯ ಸಿಲಿಂಡರಿನಲ್ಲಿ ಎಣ್ಣೆ ಅರೆಬರೆ ಉರಿದು ಮಸಿಯಾಗುತ್ತದೆ, ಉರಿಯದ ಅಂಶ ಗೋಡೆಗುಂಟ ಇಳಿದು ಎಂಜಿನ್ ಎಣ್ಣೆಯನ್ನು ತೆಳುವು ಮಾಡುತ್ತದೆ. 2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಬಂದಿದೆ. ಹೆಚ್ಚು ಹೊತ್ತು ನಿಂತಲ್ಲೇ ಓಡುವ, ಸಣ್ಣ ಸಣ್ಣ ದೂರವನ್ನೇ ಹೋಗುವ ಗಾಡಿಯಲ್ಲಿ ಆ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಹಳೆಯ ಎಂಜಿನ್ನಿಗೆ ಮರ್ಯಾದೆಯಾಗಿದ್ದ ಹತ್ತು ನಿಮಿಷ ಹೊಸ ಎಂಜಿನ್ನಿಗೆ ಉಪಚಾರದ ಹೆಸರಿನ ಉಪದ್ರವ.

ಎರಡರ ನಡುವಿನ ದಾರಿ ಸರಳವಾದದ್ದು. ಚಾಲೂ ಮಾಡಿ, ಎಣ್ಣೆಯ ಕೆಂಪು ದೀಪ ಆರಿದ ಮೇಲೆ ಅರ್ಧ ನಿಮಿಷ, ತೀರಾ ಚಳಿಯಿದ್ದರೆ ಒಂದು ನಿಮಿಷ, ಅಕ್ಸಿಲರೇಟರ್ ಮುಟ್ಟದೆ ಬಿಡುವುದು. ಸೀಟ್ ಬೆಲ್ಟ್ ಹಾಕಿಕೊಂಡು, ಗಾಜಿನ ಇಬ್ಬನಿ ಒರೆಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಆಮೇಲೆ ಹೊರಟು, ಮೊದಲ ಏಳೆಂಟು ಕಿಲೋಮೀಟರ್ ಹಗುರ ಕಾಲಿನಿಂದ ನಡೆಸುವುದು. ಎಂಜಿನ್ನನ್ನು ಕಿರುಚಿಸಬಾರದು. ದೊಡ್ಡ ಗೇರಿನಲ್ಲಿ ಉಸಿರುಗಟ್ಟಿ ಎಳೆಸಲೂ ಬಾರದು. ಮುಳ್ಳು ತೋರಿಸುವುದು ನೀರಿನ ಕಾವನ್ನು. ಎಣ್ಣೆ ಕಾಯುವುದು ಅದಕ್ಕಿಂತ ತಡವಾಗಿ. ಆದ್ದರಿಂದ ಮುಳ್ಳು ನಡುವಿಗೆ ಬಂದ ಮೇಲೂ ಐದಾರು ನಿಮಿಷ ತಾಳ್ಮೆ ಬೇಕು.

ಈ ವಿಷಯದಲ್ಲಿ ತೋಟದ ಮನೆಗಳಲ್ಲಿ ವಾಸಿಸುವವರಿಗೆ ಒಂದು ಅನುಕೂಲವಿದೆ. ಅಥಣಿ, ರಾಯಬಾಗದ ಕಡೆ ಅನೇಕ ಕುಟುಂಬಗಳು ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿವೆ. ಅಲ್ಲಿಂದ ಡಾಂಬರು ರಸ್ತೆ ಸೇರುವವರೆಗಿನ ಗಾಲಿದಾರಿಯಲ್ಲಿ ಯಾರೂ ವೇಗವಾಗಿ ಹೋಗಲಾರರು. ಎಂಜಿನ್ನಿಗೆ ಅದಕ್ಕಿಂತ ಒಳ್ಳೆಯ ಬೆಳಗಿನ ವ್ಯಾಯಾಮವಿಲ್ಲ. ನಿಪ್ಪಾಣಿಯದು ಇದಕ್ಕೆ ತಿರುಗುಮುರುಗು. ಪುಣೆ-ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇದೆ. ಬೆಳಗಾವಿಯ ಕಡೆ ಹೊರಟವರಿಗೆ ಕೆಲವೇ ಕಿಲೋಮೀಟರಿನಲ್ಲಿ ತವಂದಿ ಘಾಟಿನ ಏರು ಎದುರಾಗುತ್ತದೆ. ತಂಬಾಕು ತುಂಬಿದ ಲಾರಿಯಿರಲಿ, ಮದುವೆಗೆ ಹೊರಟ ಕಾರಿರಲಿ, ಎಣ್ಣೆ ಇನ್ನೂ ಮಂದವಾಗಿರುವಾಗಲೇ ಟರ್ಬೊ ಪೂರ್ಣ ವೇಗಕ್ಕೆ ಏರಬೇಕಾಗುತ್ತದೆ. ಅಲ್ಲಿಯವರು ಏರಿನ ಬುಡದವರೆಗೆ ನಿಧಾನವಾಗಿ ಸಾಗಿ, ಘಾಟನ್ನು ಸಣ್ಣ ಗೇರಿನಲ್ಲಿ ಅವಸರವಿಲ್ಲದೆ ಹತ್ತುವುದು ಮೇಲು.

ಹಾಗೆಯೇ ನಿಲ್ಲಿಸುವಾಗಲೂ ಒಂದು ಕ್ರಮವಿದೆ. ಭಾರ ಹೊತ್ತು ಘಾಟು ಹತ್ತಿ ಬಂದು ಢಾಬಾದ ಮುಂದೆ ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೊದೊಳಗೆ ಸಿಕ್ಕ ಎಣ್ಣೆ ಬಾಣಲೆಯ ತಳದಂತೆ ಸುಟ್ಟು ಕರಿಯಾಗಿ, ಮುಂದೆ ಎಣ್ಣೆಯ ದಾರಿಯನ್ನೇ ಕಟ್ಟುತ್ತದೆ. ಅಲ್ಲಿ ಒಂದೆರಡು ನಿಮಿಷ ಖಾಲಿ ಓಡಿಸಿ ಆರಿಸುವುದು ಲಾಭದಾಯಕ. ಹಂಗಾಮು ಮುಗಿದು ಮಳೆಗಾಲವಿಡೀ ನಿಂತ ಗಾಡಿಗೆ, ಎಣ್ಣೆ-ಫಿಲ್ಟರ್ ಬದಲಿಸಿದ ಗಾಡಿಗೆ ಮೊದಲ ಸಲ ಇನ್ನೂ ಹೆಚ್ಚು ಸಾವಧಾನ ಬೇಕು. ಕಂಪೆನಿ ಕೊಟ್ಟ ಪುಸ್ತಕದಲ್ಲಿ ಬೇರೆ ಸೂಚನೆಯಿದ್ದರೆ ಅದೇ ಕೊನೆಯ ಮಾತು.

ಕುಡಚಿಯ ಹಳಿಯ ಮೇಲಿನ ಉಗಿ ಎಂಜಿನ್ನಿಗೆ ಗಂಟೆಗಟ್ಟಲೆ ಬೇಕಿತ್ತು, ನದಿ ದಂಡೆಯ ಪಂಪಿಗೆ ನಿಮಿಷಗಳು ಸಾಕಾದವು, ಇಂದಿನ ಕಾರಿಗೆ ಸೆಕೆಂಡುಗಳು ಸಾಕು. ಕಾಯುವ ಕಾಲ ಮಾತ್ರ ಇಳಿಯುತ್ತ ಬಂದಿದೆ. ಕಾಯುವ ಕಾರಣ ಬದಲಾಗಿಲ್ಲ. ಉಗಾರದ ಟರ್ಬೈನಿಗೂ ಅಂಗಳದ ಕಾರಿಗೂ ಮೊದಲು ಎಣ್ಣೆ ತಲುಪಬೇಕು, ಆಮೇಲೆ ಕಾವು ಏರಬೇಕು, ಭಾರ ಕೊನೆಗೆ ಬರಬೇಕು. ತಂದೆ ಹತ್ತು ನಿಮಿಷವನ್ನು ಅರ್ಧ ನಿಮಿಷಕ್ಕೆ ಇಳಿಸಿ, ಮಗ ಮೊದಲ ಏಳೆಂಟು ಕಿಲೋಮೀಟರಿನ ಅವಸರವನ್ನು ಬಿಟ್ಟರೆ ಬೆಳಗಿನ ವಾದವೂ ಮುಗಿದೀತು, ಟರ್ಬೊ ಕೂಡ ಸಾಲದ ಕಂತುಗಳಿಗಿಂತ ಹೆಚ್ಚು ಕಾಲ ಬಾಳೀತು.